ದ್ವಾರಸಮುದ್ರದ ತಳದಲ್ಲೊಂದು ಕೈ

ಸಮುದ್ರದಲ್ಲೇ ಮುಳುಗಿ ಬಂದವನಿಗೆ ಹಳೇಬೀಡಿನ ಕೆರೆ ಯಾವ ಲೆಕ್ಕ! ತೊಂಬತ್ತರ ದಶಕದ ಕೊನೆಯಲ್ಲಿ ನಾನು ಅರಸೀಕೆರೆಯಲ್ಲಿ ಪ್ರಾಣಿಶಾಸ್ತ್ರದ ಮೇಷ್ಟ್ರು. ರಜೆಯಲ್ಲಿ ಡೈವಿಂಗ್ ಕಲಿತು, ಹವಳದ ನಡುವಿನ ಮೀನುಗಳನ್ನು ಕಣ್ಣಾರೆ ಕಂಡು ಬಂದಿದ್ದೆ. ಇನ್ನು ಹಳೇಬೀಡಿನ ಆ ದ್ವಾರಸಮುದ್ರ ಕೆರೆಯ ತಳದ ಜೀವಿಗಳ ಮೇಲೆ ಪಿಎಚ್.ಡಿ. ಮಾಡುವುದೊಂದೇ ಬಾಕಿ. ಮಂಗಳೂರು ಕಡೆಯ ಗೈಡು ಷರತ್ತು ಹಾಕಿದರು: “ನನ್ನೆದುರು ಇಳಿದು ತಳದ ಕೆಸರು ತನ್ನಿ. ಕಂಡದ್ದನ್ನು ಹೇಳಿ. ಆಗದಿದ್ದರೆ ನೋಂದಣಿ ಇಲ್ಲ ಮಾರಾಯ್ರೆ!”

ಅಂದು ಬೆಳಿಗ್ಗೆ ಮಂಜು ಇನ್ನೂ ನೀರು ಬಿಟ್ಟು ಎದ್ದಿರಲಿಲ್ಲ. ಏರಿಯ ಮೇಲೆ ಗೈಡು, ಸುತ್ತ ಜನ. ನನ್ನ ಹೆಂಡತಿ ಶಾರದೆಯೂ ಬಂದಿದ್ದಳು. ಮೀನು ಹಿಡಿಯುವ ರಂಗಯ್ಯ ನನ್ನ ಬೆನ್ನಿಗೆ ಸಿಲಿಂಡರ್ ಕಟ್ಟುತ್ತಾ ಪಿಸುಗುಟ್ಟಿದ: “ಸಾ, ಈ ಮೆಟ್ಲತ್ರ ಉಷಾರು. ಕೆಳಗೆ ಬಳೆ ಸದ್ದು ಕೇಳ್ತೈತೆ ಅಂತಾರೆ.”

“ವಿಜ್ಞಾನದ ಮುಂದೆ ಅದೆಲ್ಲ ನಡೆಯಲ್ಲ ಕಣಯ್ಯ!” ಎಂದು ಮುಳುಗಿದೆ.

ಬೆಳಕು ಮೊದಲು ಹಸಿರಾಯಿತು, ಆಮೇಲೆ ಇಲ್ಲವೇ ಇಲ್ಲ. ಟಾರ್ಚಿನ ಬೆಳಕಲ್ಲಿ ಮಾರು ದೂರವೂ ಕಾಣುತ್ತಿರಲಿಲ್ಲ. ನನ್ನದೇ ಉಸಿರು ಬೆನ್ನ ಹಿಂದೆ ಯಾರೋ ಬಿಡುತ್ತಿರುವಂತೆ ಕೇಳುತ್ತಿತ್ತು. ಏನೋ ಮೆಲ್ಲಗೆ ಕೆನ್ನೆ ಸವರಿತು. ಜಲಸಸ್ಯವಿರಬೇಕೆಂದು ವೈಜ್ಞಾನಿಕವಾಗಿ ನಿರ್ಧರಿಸಿದೆ. ಆಗ ಕೇಳಿತು. ಕಿಣಿ. ಕಿಣಿಕಿಣಿ.

ಟಾರ್ಚು ತಿರುಗಿಸಿದೆ. ಕೆಸರಿನಿಂದ ಒಂದು ಕೈ ಎದ್ದಿತ್ತು! ಅರಿಶಿನ ಬಣ್ಣ, ಉದ್ದಕ್ಕೂ ಹಸಿರು ಬಳೆ, ಬೆರಳುಗಳಿಲ್ಲ. ನೋಡುತ್ತಿದ್ದಂತೆ ಅದು ಕರೆಯುವ ಹಾಗೆ ನನ್ನತ್ತ ಬಾಗಿತು.

ಕೈಕಾಲು ಬಡಿದೆ. ಟಾರ್ಚು ಹೋಯಿತು, ಕೆಸರಿನ ಡಬ್ಬಿ ಹೋಯಿತು, ಒಂದು ಕಾಲಿನ ರಬ್ಬರ್ ರೆಕ್ಕೆಯೂ ಹೋಯಿತು. ಕತ್ತಲಲ್ಲಿ ಆ ಕೈ ಬಂದು ನನ್ನ ಕೈಗೇ ಸುತ್ತಿಕೊಂಡಿತು!

“ಹೆಣ! ಹೆಂಗಸಿನ ಹೆಣ!” ಎಂದು ಕಿರುಚುತ್ತ ಮೇಲೆದ್ದೆ. ಜನ ದಿಕ್ಕಾಪಾಲಾಗಿ ಓಡಿದರು. ಒಬ್ಬ ಪೊಲೀಸರನ್ನು ಕರೆಯಲು ಸೈಕಲ್ ಹತ್ತಿದ. “ನಾ ಯೋಳ್ನಿಲ್ವಾ ಸಾ!” ಎಂದು ರಂಗಯ್ಯ ಮೆಟ್ಟಿಲ ಮೇಲೆ ಕುಸಿದ.

ಶಾರದೆ ಮಾತ್ರ ನೀರಿಗಿಳಿದು ನನ್ನ ಮುಷ್ಟಿ ಬಿಡಿಸಿದಳು.

“ಅಯ್ಯೋ, ಇದು ಬೆಳಗಿನ ಜಾವ ನಾನು ಇಲ್ಲೇ ಗಂಗಮ್ಮನಿಗೆ ಬಿಟ್ಟ ಬಾಗಿನ ಕಣ್ರೀ! ರವಿಕೆ ಕಣ ಸುರುಳಿ ಸುತ್ತಿ ಬಳೆ ಏರಿಸಿದ್ದೆ. ಮೊರ ಮುಳುಗ್ಲಿ ಅಂತ ಕಲ್ಲೂ ಇಟ್ಟಿದ್ದೆ.”

“ಯಾಕೆ ಬಿಟ್ಟೆ?”

“ನೀವು ಜೀವಂತ ಮೇಲೆ ಬರ್ಲಿ ಅಂತ! ಇನ್ಯಾಕೆ?” ಅವಳ ಕಣ್ಣು ತುಂಬಿತ್ತು. ನನಗೆ ನಾಚಿಕೆಯೂ ಆಯಿತು, ಅಳುವೂ ಬಂತು. ಸೈಕಲ್ಲಿನವನನ್ನು ಕೂಗಿ ವಾಪಸ್ ಕರೆಸಿದೆವು.

ಗೈಡು ಮೆಟ್ಟಿಲಿಳಿದು ಬಂದರು. “ಕೆಸರೆಲ್ಲಿ?”

“ಕೈಜಾರಿತು ಸಾರ್.”

“ಜೀವಿಗಳು ಯಾವುವು ಕಂಡವು?”

“ಕಣ್ಣು ಮುಚ್ಚಿಕೊಂಡುಬಿಟ್ಟೆ ಸಾರ್.”

“ಹಾಗಾದರೆ ಇನ್ನೊಮ್ಮೆ ಇಳಿಯಿರಿ.”

ಬಳೆಗಳೆಲ್ಲ ಶಾರದೆಯ ಸೆರಗಿನಲ್ಲಿದ್ದವು. ಆದರೂ ಮಂಜಿನಡಿಯ ನೀರಿನಿಂದ ಮತ್ತೆ ಕಿಣಿ ಎಂದಿತು. ಗೈಡು ನಿಧಾನವಾಗಿ ಎರಡು ಮೆಟ್ಟಿಲು ಹಿಂದಕ್ಕೆ ಹತ್ತಿದರು.

“ನೋಂದಣಿ ಮಾಡುವ,” ಎಂದರು, “ವಿಷಯ ಬದಲಿಸಿ. ಏರಿ ಮೇಲಿನ ಇರುವೆಗಳು ಆಗಬಹುದಾ?”

ಧಾರಾಳವಾಗಿ ಆಗುತ್ತದೆ ಎಂದೆ. ಕಡಲಿಗೆ ಹಾರಿದ ಧೀರ ಹೀಗೆ ಇರುವೆ ಡಾಕ್ಟರಾದೆ. ಇರುವೆ ಕಚ್ಚಿದರೂ ಕಿರುಚಿಕೊಳ್ಳುತ್ತೇನೆ. ಅದನ್ನು ಪ್ರಬಂಧದಲ್ಲಿ ಬರೆದಿಲ್ಲ!