ಪಿಂಗಾಣಿ ಕಳ್ಳಿ

ನಮ್ಮ ದೊಡ್ಡವ್ವ ಕಳ್ಳಿ! ಹೌದು, ನನ್ನ ತಾಯಿಯ ಸ್ವಂತ ಅಕ್ಕನ ಬಗ್ಗೆಯೇ ಹೇಳುತ್ತಿದ್ದೇನೆ. ರಾಯಚೂರಿನ ಅವಳ ಓಣಿಯಿಂದ ಹಿಡಿದು ಮಾನ್ವಿಯ ನಮ್ಮ ಓಣಿಯವರೆಗೆ ಅವಳು ಕೈಚಳಕ ತೋರಿಸದ ಮನೆ ಇರಲಿಲ್ಲ. ಚಿನ್ನ ಬೆಳ್ಳಿ ಎದುರಿಗಿಟ್ಟರೂ ಕಣ್ಣೆತ್ತಿ ನೋಡುವವಳಲ್ಲ. ಕದಿಯುತ್ತಿದ್ದದ್ದು ಹಳೆಯ ಪಿಂಗಾಣಿ ಕಪ್ಪುಗಳನ್ನು ಮಾತ್ರ, ಅದೂ ಕಲೆ ಹಿಡಿದಿದ್ದರೆ!

ಯಾರ ಮನೆಗೆ ಹೋದರೂ ಚಹಾ ಮುಗಿಸಿ ಕಪ್ಪಿನೊಳಗೆ ಇಣುಕುವಳು. ತಳದಲ್ಲಿ ಕಂದು ಉಂಗುರವೋ, ಚಹಾ ಇಳಿದು ಕಪ್ಪಾದ ಸಣ್ಣ ಬಿರುಕೋ ಕಂಡರೆ ಮುಗಿಯಿತು. ಮನೆಯಾಕೆ ಒಳಗೆ ಹೋಗಿ ಬರುವಷ್ಟರಲ್ಲಿ ಕಪ್ಪು ದೊಡ್ಡವ್ವನ ಚೀಲ ಸೇರಿರುತ್ತಿತ್ತು. ಎಂಟು ದಿನ ಬಿಟ್ಟು ಅದೇ ಕಪ್ಪು ತಳತಳ ಹೊಳೆಯುತ್ತ ವಾಪಸ್! ಪಾತ್ರೆಯನ್ನು ಖಾಲಿ ಮರಳಿಸಬಾರದೆಂಬುದು ನಮ್ಮ ಕಡೆಯ ಪದ್ಧತಿ ನೋಡಿ, ಅದರ ತುಂಬ ಶೇಂಗಾ ಹಿಂಡಿ, ಅಂದರೆ ಖಾರದ ಚಟ್ನಿಪುಡಿ, ಒತ್ತಿ ತುಂಬಿರುತ್ತಿದ್ದಳು. ನಮ್ಮ ಪಕ್ಕದ ಮನೆಯಾಕೆಗೆ ಆ ಹಿಂಡಿಯ ರುಚಿ ಎಷ್ಟು ಹತ್ತಿತೆಂದರೆ, ದೊಡ್ಡವ್ವ ಬರುವ ಸುದ್ದಿ ಸಿಕ್ಕರೆ ಸಾಕು, ಮೂರು ದಿನ ಕಪ್ಪು ತೊಳೆಯದೆ ಇಡುತ್ತಿದ್ದಳು!

ಒಮ್ಮೆ ನಾನು ತಂತಿ ಬ್ರಷ್ಷು ಹಿಡಿದು ಕಪ್ಪು ತಿಕ್ಕುವುದನ್ನು ನೋಡಿ ದೊಡ್ಡವ್ವ ಓಡಿ ಬಂದಳು.

"ಅಯ್ಯ ನಿನ್ನ! ಎಮ್ಮಿ ಮೈ ತೊಳಿಯಾಕತ್ತೀಯೇನು? ಬಂಗಾರದ ಗೆರಿ ಹೋತಲ್ಲೇ!"

ಅವಳ ವೈದ್ಯವೇ ಬೇರೆ. ಉಗುರುಬೆಚ್ಚಗಿನ ನೀರು, ಅಡುಗೆ ಸೋಡಾ, ಸವೆದ ಧೋತರದ ತುಂಡು, ಬೆರಳ ತುದಿ. ಬಿರುಕಿನೊಳಗಿನ ಕಲೆಗೆ, ಮೆಡಿಕಲ್ ಅಂಗಡಿಯಲ್ಲಿ ಗಾಯ ತೊಳೆಯಲು ಕೊಡುವ ನೊರೆಬರುವ ಔಷಧಿಯಲ್ಲಿ ಹತ್ತಿ ಅದ್ದಿ, ಅಂಟಿಸಿ, ಮೇಲೆ ಪ್ಲಾಸ್ಟಿಕ್ ಸುತ್ತಿ ಎರಡು ಮೂರು ದಿನ ಇಡುವಳು. ಹೀಗೆ ಬ್ಯಾಂಡೇಜು ಸುತ್ತಿಕೊಂಡ ಕಪ್ಪುಗಳು ಅವಳ ಕಿಟಕಿಯಲ್ಲಿ ಸಾಲಾಗಿ ಮಲಗಿರುತ್ತಿದ್ದವು. "ನನಗ ಜ್ವರ ಬಂದ್ರ ಇಷ್ಟು ಉಪಚಾರ ಇಲ್ಲ ನೋಡ್ರಿ!" ಎಂದು ಅವಳ ಸೊಸೆ ಗೊಣಗುತ್ತಿದ್ದಳು.

ಎರಡು ವರ್ಷದ ಹಿಂದೆ ನನ್ನ ಮೈದುನನಿಗೆ ಹೆಣ್ಣು ನೋಡಲು ದೇವದುರ್ಗಕ್ಕೆ ಹೊರಟೆವು. ಹಿರಿಯಳೆಂದು ದೊಡ್ಡವ್ವನನ್ನೂ ಕರೆದುಕೊಂಡೆ. ಹುಡುಗಿ ಚೆಂದ, ಮನೆತನ ಚೆಂದ, ಚಹಾ ಕೊಟ್ಟ ಹೂವಿನ ಕಪ್ಪುಗಳಂತೂ ಇನ್ನೂ ಚೆಂದ. ಅರ್ಧ ದಾರಿ ವಾಪಸ್ ಬಂದಾಗ ಹುಡುಗಿಯ ತಾಯಿಯ ಫೋನು.

"ತಪ್ಪು ತಿಳಿಬ್ಯಾಡ್ರಿ, ನಮ್ಮ ಅಜ್ಜಿ ಕಾಲದ ಕಪ್ಪು ಒಂದು ಕಾಣವಲ್ದು..."

ಸ್ಪೀಕರ್ ಹಾಕಿದ್ದರಿಂದ ಕಾರಿನಲ್ಲಿದ್ದ ಎಲ್ಲರಿಗೂ ಕೇಳಿಸಿತು. ಹಿಂದಿನ ಸೀಟಿನಿಂದ ದೊಡ್ಡವ್ವ ಆರಾಮಾಗಿ ಹೇಳಿದಳು: "ಇಲ್ಲೇ ಅದ ಬಿಡ್ರಿ. ತಳದಾಗ ಭಾಳ ಕಲಿ ಹತ್ತಿತ್ತು. ಎಂಟು ದಿನದಾಗ ಕಳಸ್ತೀನಿ."

ನನ್ನ ಅತ್ತೆಯ ಮುಖ ನೋಡಬೇಕಿತ್ತು! ನಾಚಿಕೆಯಿಂದ ನಾನು ಸತ್ತೇ ಹೋದೆ. ಮನೆ ಮುಟ್ಟಿದವಳೇ ಎಲ್ಲರೆದುರು ಬಾಯಿಗೆ ಬಂದಂತೆ ಅಂದುಬಿಟ್ಟೆ: "ನಿನಗ ಮಾನ ಮರ್ಯಾದಿ ಏನರ ಅದ ಏನು ದೊಡ್ಡವ್ವ? ಇನ್ನ ಮ್ಯಾಲೆ ಆ ಚೀಲ ತಗೊಂಡು ನಮ್ಮ ಮನಿಗಿ ಬರಬ್ಯಾಡ!"

ದೊಡ್ಡವ್ವ ಮರುದಿನ ಮೊದಲ ಬಸ್ಸಿಗೆ ರಾಯಚೂರಿಗೆ ಹೋದಳು. ಎಂಟನೆಯ ದಿನಕ್ಕೆ ಸರಿಯಾಗಿ ಕಪ್ಪು ಹಿಂಡಿ ತುಂಬಿಕೊಂಡು ದೇವದುರ್ಗ ಮುಟ್ಟಿತಂತೆ. ಆ ಮನೆಯವರು ಬಿದ್ದು ಬಿದ್ದು ನಕ್ಕು, ಹಿಂಡಿ ತಿಂದು, ಸಂಬಂಧಕ್ಕೆ ಒಪ್ಪಿದರು. ಅಷ್ಟೇ ನೋಡಿ! ಅಷ್ಟಕ್ಕೆ ನಾನು ಹಾಗೆ ಅನ್ನಬೇಕಿತ್ತೇ?

ಮದುವೆಗೆ ದೊಡ್ಡವ್ವ ಬರಲಿಲ್ಲ, ಮೊಣಕಾಲು ನೋವೆಂದಳು. "ಸೊಕ್ಕು ನೋಡು" ಅಂದುಕೊಂಡೆ. ಅವಳೇ ಮೊದಲು ಬರಲಿ ಎಂದು ನಾನು ಒಂದೇ ತಾಸಿನ ಬಸ್ಸಿನ ದಾರಿಯಾಚೆ ಎರಡು ವರ್ಷ ಕಾದೆ. ನನ್ನದೇನು ಕಡಿಮೆ ಸೊಕ್ಕೇ?

ಕಳೆದ ತಿಂಗಳು ತಡೆಯಲಾಗದೆ ಹೋದೆ. ಮಗ ಸೊಸೆ ಕೆಲಸಕ್ಕೆ ಹೋಗಿದ್ದರು. "ಯಾರು? ನೀನೇನ ಯವ್ವಾ!" ಎಂದು ನನ್ನ ದನಿ ಹಿಡಿದು ಹಿಗ್ಗಿದಳು. ಬೇಡವೆಂದರೂ ತಾನೇ ಚಹಾ ಮಾಡಿ, ಗೋಡೆ ಹಿಡಿದುಕೊಂಡು ತಂದಳು. ಕುಡಿದು ನೋಡಿದರೆ ನನ್ನ ಕೈಗಿಟ್ಟ ಕಪ್ಪಿನ ಒಳಗೆಲ್ಲ ದಪ್ಪನೆಯ ಕಂದು ಕಲೆ! ಗಾಬರಿಯಿಂದ ಮುಖ ನೋಡಿದೆ. ಅವಳು ನನ್ನ ಭುಜದ ಆಚೆ ಎಲ್ಲೋ ನೋಡುತ್ತಿದ್ದಳು.

"ಯಾವಾಗಿಂದ ದೊಡ್ಡವ್ವ?"

"ಮದುವಿ ಹೊತ್ತಿಗೇ ಮಂಜಾಗಿತ್ತು. ಶುಗರ್ ಕಣ್ಣಿಗಿ ಇಳಿದದ ಅಂದ್ರು ಡಾಕ್ಟರು. ಈಗ ಬರೇ ಬೆಳಕು ಕಾಣ್ತದ."

"ನನಗ ಹೇಳಬಾರದಿತ್ತೇನು? ಒಮ್ಮೆರ ಬರಬಾರದಿತ್ತೇನು?"

"ಚೀಲ ತರಬ್ಯಾಡ ಅಂದಿದ್ದಿ. ಬರಿಗೈಲೆ ಬಂದು ನಾ ಏನು ಮಾಡ್ಲಿ ಯವ್ವಾ?"

"ತಪ್ಪಾತು ದೊಡ್ಡವ್ವ" ಎಂದೆ. ಅವಳು ತಡವರಿಸಿ ನನ್ನ ಕೈ ಹಿಡಿದಳು, ಹಾಗೆಯೇ ಅದರಲ್ಲಿದ್ದ ಕಪ್ಪಿನ ಅಂಚನ್ನು ಹೆಬ್ಬೆರಳಿನಿಂದ ಸವರಿದಳು.

"ನನ್ನ ಕಪ್ಪು ಯಾರಿಗೂ ಮುಟ್ಟಗೊಡಂಗಿಲ್ಲ, ನಾನೇ ತಿಕ್ತೀನಿ. ಖರೇ ಹೇಳು, ಕಲಿ ಉಳದದೇನು?"

ಅಂದು ಹತ್ತು ಮಂದಿಯೆದುರು ಪಟಪಟ ಮಾತಾಡಿದ ನಾಲಿಗೆ ನನ್ನದು.

"ಇಲ್ಲ ದೊಡ್ಡವ್ವ, ಹಾಲಿನಂಗ ಬೆಳ್ಳಗದ."

"ಹಂಗಾದ್ರ ಇನ್ನೊಂದೀಟು ಹಾಕ್ತೀನಿ, ಕುಡಿ" ಎಂದು ಅವಳು ನಗುತ್ತ ಚಹಾ ಸುರಿದಳು. ಅರ್ಧ ನನ್ನ ಕೈಮೇಲೆ ಬಿತ್ತು. ನಾನು ಕೈ ಹಿಂದಕ್ಕೆಳೆಯಲಿಲ್ಲ.