ಬಿ ಪ್ಲಸ್ ಸತ್ತೈತೇನ್ರಿ?

ಅನಾಹುತ ಶುರುವಾದದ್ದು ಭಾನುವಾರ ಸಂಜೆ ನಾಲ್ಕು ಗಂಟೆ ಹದಿನೇಳು ನಿಮಿಷಕ್ಕೆ. ಇಷ್ಟು ಕರಾರುವಾಕ್ಕಾಗಿ ಹೇಗೆ ಗೊತ್ತೆಂದರೆ, ಮಾಡಬೇಕಾದ ಕೆಲಸ ಬಿಟ್ಟು, ಚಹಾ ಯಾಕಿನ್ನೂ ಬರಲಿಲ್ಲವೆಂದು ನಾನು ಗೋಡೆ ಗಡಿಯಾರ ನೋಡುತ್ತಿದ್ದೆ. ಅದೇ ಹೊತ್ತಿಗೆ ನನ್ನ ಬಾಯಿಂದ ಒಂದು ಮಾತು ಹೊರಟಿತು: “ಸತ್ತೈತ್ರಿ.” ಮರುಕ್ಷಣ ನಮ್ಮ ಮಾವನವರು ಕುರ್ಚಿಸಮೇತ ಹಿಂದಕ್ಕೆ ಬಿದ್ದಿದ್ದರು.

ಮಾವ, ಅಂದರೆ ನನ್ನ ಹೆಂಡತಿ ಶೈಲಾಳ ತಂದೆ, ಹಗರಿಬೊಮ್ಮನಹಳ್ಳಿಯಲ್ಲಿ ಬಹುಕಾಲ ರೇಡಿಯೋ ರಿಪೇರಿ ಅಂಗಡಿ ಇಟ್ಟಿದ್ದವರು. ಈಗ ಅಂಗಡಿ ಮುಚ್ಚಿ ಕೊಟ್ಟೂರಿನ ನಮ್ಮ ಮನೆಯಲ್ಲಿದ್ದಾರೆ. ಬಾಗಳಿಯ ಪರಿಚಯದವರೊಬ್ಬರು ಅಟ್ಟದಿಂದ ಇಳಿಸಿದ ಹಳೆಯ ವಾಲ್ವ್ ರೇಡಿಯೋ ತಂದುಕೊಟ್ಟಾಗ ಅವರ ಮುಖ ಮೊಮ್ಮಗು ಹುಟ್ಟಿದ ದಿನಕ್ಕಿಂತ ಹೆಚ್ಚು ಅರಳಿತು. ಸಹಾಯಕ್ಕೆ ನಾನು ನಿಂತೆ. ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುವ ಬಿ.ಎಸ್ಸಿ. ಪದವೀಧರ; ಕೇಳದವರಿಗೂ ಇದನ್ನು ಹೇಳುವ ಚಟವಿದೆ.

ಮೊದಲ ಪಾಠವೇ ಬಿ ಪ್ಲಸ್. ಮನೆಮನೆಗೆ ಕರೆಂಟು ಬರುವ ಮುಂಚೆ ವಾಲ್ವ್ ರೇಡಿಯೋಗೆ ಎರಡು ಬ್ಯಾಟರಿ ಬೇಕಿತ್ತಂತೆ. ವಾಲ್ವೆಂಬ ಗಾಜಿನ ಬುರುಡೆಯೊಳಗಿನ ತಂತಿ ಕಾಯಿಸಲು ‘ಎ’, ಅದರ ತಗಡಿಗೆ ಜೋರು ವೋಲ್ಟೇಜು ಕೊಡಲು ‘ಬಿ’. ಆ ಬಿ ಬ್ಯಾಟರಿಯ ಪ್ಲಸ್ ತುದಿಯೇ ಬಿ ಪ್ಲಸ್. ಆಮೇಲೆ ಬ್ಯಾಟರಿ ಹೋಗಿ ಗೋಡೆಯ ಪ್ಲಗ್ಗು ಬಂತು, ಹೆಸರು ಮಾತ್ರ ಹೋಗಲಿಲ್ಲ. ಟಾಕೀಸು ಒಡೆದು ಕಲ್ಯಾಣಮಂಟಪ ಕಟ್ಟಿ ಎಷ್ಟೋ ವರ್ಷವಾದರೂ ಕಂಡಕ್ಟರು “ಟಾಕೀಸ್ ಇಳೀರ್ರಿ” ಅನ್ನುವುದಿಲ್ಲವೇ, ಹಾಗೆ. ಹೆಸರಿನಂತೆ ಈ ಬಿ ಪ್ಲಸ್ಸಿನ ಕರೆಂಟೂ ಮೊಂಡು. ಪ್ಲಗ್ಗು ಕಿತ್ತ ಮೇಲೂ ಒಳಗೆ ಹೊಂಚು ಹಾಕಿ ಕೂತಿರುತ್ತದೆ.

ಅದಕ್ಕೇ ಅವರ ಅಂಗಡಿಯಲ್ಲೊಂದು ಪದ್ಧತಿ. ಕೈ ಹಾಕುವವನು “ಬಿ ಪ್ಲಸ್ ಸತ್ತೈತೇನು?” ಎಂದು ಕೇಳಬೇಕು. ಪಕ್ಕದವನು ಸಣ್ಣ ಬಲ್ಬಿನ ಎರಡು ವೈರುಗಳನ್ನು ಒಳಗೆ ತಾಗಿಸಿ ನೋಡಬೇಕು; ಅದಕ್ಕೆ ಬಲ್ಬು ಹಚ್ಚುವುದು ಅನ್ನುತ್ತಾರೆ. ಬಲ್ಬು ಮಿಣಕ್ಕೆಂದು ಆರಿದರೆ ಉಳಿದ ಕರೆಂಟು ಇಳಿಯಿತೆಂದು ಅರ್ಥ. ಮತ್ತೊಮ್ಮೆ ಹಚ್ಚಿದಾಗ ಬೆಳಗದಿದ್ದರೆ ಮಾತ್ರ “ಸತ್ತೈತಿ” ಅನ್ನಬೇಕು. ಕೈ ಹಾಕುವವನ ಎಡಗೈ ಸದಾ ಬೆನ್ನ ಹಿಂದೆ.

ಆ ಭಾನುವಾರ ಮಾವ ಕೇಳಿದಾಗ ನಾನು ಬಲ್ಬು ಹಚ್ಚಲೇ ಇಲ್ಲ. ಪ್ಲಗ್ಗು ಕಿತ್ತಿದ್ದು ಕಣ್ಣಿಗೆ ಕಾಣುತ್ತಿತ್ತು, ಚಹಾ ಕಾಣುತ್ತಿರಲಿಲ್ಲ. ಕಿತ್ತ ಮೇಲೂ ಕರೆಂಟು ಉಳಿಯುವ ಬಗೆಯನ್ನು ಹಿಂದಿನ ವಾರವಷ್ಟೇ ಹತ್ತನೇ ತರಗತಿಗೆ ಚಿತ್ರ ಬರೆದು ಹೇಳಿದ್ದೆ.

ದವಾಖಾನೆಯಲ್ಲಿ ಇಸಿಜಿ ತೆಗೆದ ಡಾಕ್ಟರು, “ಎಡಗೈ ಹಿಂದಿತ್ತು ಅಂತ ಉಳಿದಾರ. ಕರೆಂಟು ಎದಿ ಹಾದು ಹೋಗಿದ್ರ ಕತಿ ಬ್ಯಾರೆ ಇತ್ತು,” ಎಂದರು. ಶೈಲಾ ನನ್ನ ಕಡೆ ತಿರುಗಿ, “ನೀವು ಬಲ್ಬ್ ಹಚ್ಚಿದ್ರಿ ಹೌದಿಲ್ಲೋ?” ಎಂದಳು. ಹೌದೆಂದು ತಲೆಯಾಡಿಸಿದೆ. ಬಾಯಿಂದ ಹೇಳಿಲ್ಲವಲ್ಲ ಎಂಬುದು ನನ್ನ ಸಮಾಧಾನ.

ಅಂದಿನಿಂದ ಮನೆಯಲ್ಲಿ ನಿದ್ದೆ ಹೋಯಿತು. ಶೈಲಾ ತಾಸಿಗೊಮ್ಮೆ ಎದ್ದು ಅಪ್ಪನ ಮೂಗಿನ ಬಳಿ ಬೆರಳು ಹಿಡಿಯುವಳು. ಅವರು ಬೆಚ್ಚಿಬಿದ್ದು, “ಅದೀನವ್ವ, ಇನ್ನೂ ಅದೀನಿ! ಹಿಂಗ ಎಬ್ಬಿಸಿದ್ರ ಮಾತ್ರ ಹೋಗ್ತೀನಿ!” ಎನ್ನುವರು. ನಾನು ಕಣ್ಣು ಮುಚ್ಚಿದರೆ ಸಾಕು, ಕುರ್ಚಿ ಬೀಳುತ್ತಿತ್ತು. ಒಂದೊಂದು ಸಲ ಕನಸಿನಲ್ಲಿ ನಾನು ಬಲ್ಬು ಹಚ್ಚಿರುತ್ತಿದ್ದೆ, ಆದರೂ ಬೀಳುತ್ತಿತ್ತು.

ಒಂಬತ್ತನೆಯ ದಿನ ತಡೆಯಲಾಗಲಿಲ್ಲ. ಶೈಲಾ ಅಪ್ಪನಿಗೆ ಗಂಜಿ ಬಡಿಸುತ್ತಿದ್ದಾಗಲೇ ಹೇಳಿಬಿಟ್ಟೆ, “ಮಾವ, ನಾನವತ್ತು ಬಲ್ಬು ಹಚ್ಚಿರಲಿಲ್ರಿ.”

ಶೈಲಾಳ ಕೈಯ ಸೌಟು ಅಲ್ಲೇ ನಿಂತಿತು. ಮಾವ ಮಾತ್ರ ಗಂಜಿ ಸುರ್ರೆಂದು ಕುಡಿದು, “ಗೊತ್ತೈತ್ರಿ. ಮಿಣುಕಿದ್ದು ನನಗ ಕಾಣ್ಲಿಲ್ಲಲ್ಲ,” ಎಂದರು.

“ಗೊತ್ತಿದ್ದೂ ಕೈ ಹಾಕಿದ್ರಾ?”

“ಮತ್ತೇನ್ ಮಾಡ್ಲಿ? ಅಂಗಡ್ಯಾಗಿನ ಹುಡುಗಾಗಿದ್ರ ‘ಹಚ್ಚಲೇ ಇನ್ನೊಮ್ಮಿ’ ಅಂತ ತಲಿಗೊಂದು ಕೊಡ್ತಿದ್ದೆ. ನೀವು ಅಳಿಯಂದ್ರು. ಸತ್ತೈತಿ ಅಂದ ಮ್ಯಾಲ ನಿಮ್ಮ ಮಾತು ತೆಗೆದು ಹಾಕಾಕ ಬರ್ತೈತೇನ್ರಿ?”

ಅಳಿಯನ ಮರ್ಯಾದೆಗಾಗಿ ಒಬ್ಬ ಮನುಷ್ಯ ಇನ್ನೂರೈವತ್ತು ವೋಲ್ಟಿಗೆ ಕೈಯೊಡ್ಡಿದ್ದ! ಶೈಲಾ ಇಬ್ಬರನ್ನೂ ನೋಡಿ, “ಒಬ್ಬರಿಗಿಂತ ಒಬ್ಬರು ಶ್ಯಾಣ್ಯಾರು,” ಎಂದು ಗಂಜಿಯ ಪಾತ್ರೆ ಎತ್ತಿಕೊಂಡು ಹೋದಳು. ನಾನು ಮಾವನ ಕೈ ಹಿಡಿದು, ಇನ್ನು ಮೇಲೆ ರೇಡಿಯೋದ ಮುಂದೆ ನಾನು ಅಳಿಯನಲ್ಲ, ಅಂಗಡಿಯ ಹುಡುಗ ಎಂದು ಆಣೆ ಮಾಡಿದೆ.

ಡಾಕ್ಟರು ಒಪ್ಪಿಗೆ ಕೊಟ್ಟ ಮೇಲೆ, ಕಳೆದ ಗುರುವಾರ ಮಧ್ಯಾಹ್ನ ಮತ್ತೆ ಕೂತೆವು. ಗಡಿಯಾರಕ್ಕೆ ಬೆನ್ನು ಹಾಕಿ ನಾನು, ಎಡಗೈ ಹಿಂದಿಟ್ಟು ಅವರು. “ಬಿ ಪ್ಲಸ್ ಸತ್ತೈತೇನ್ರಿ?” ಎಂದರು. ಬಲ್ಬು ಹಚ್ಚಿದೆ. ಮಿಣಕ್ಕೆಂದು ಆರಿತು. “ಸತ್ತೈತ್ರಿ!”

ಮಾವ ಕೈ ಹಾಕಲಿಲ್ಲ. ಒಂದು ಕ್ಷಣ ನನ್ನ ಮುಖ ನೋಡಿ, ಧೈರ್ಯ ತಂದುಕೊಂಡು ಗದರಿದರು: “ಎರಡನೇ ಸಲ ಯಾರು ಹಚ್ಚಬೇಕಲೇ, ನಿಮ್ಮಪ್ಪ?”

ಅಡುಗೆಮನೆಯಲ್ಲಿ ತಟ್ಟೆ ಬಿದ್ದ ಸದ್ದಾಯಿತು. ನಾನು ಮತ್ತೊಮ್ಮೆ ಹಚ್ಚಿದೆ, ಬಲ್ಬು ಬೆಳಗಲಿಲ್ಲ. ಐದೂವರೆಗೆ ರೇಡಿಯೋ ಗೊರಗೊರ ಎಂದು ಗಂಟಲು ಸರಿಮಾಡಿಕೊಂಡು ಮಾತಾಡಿತು. ಆ ರಾತ್ರಿ ಮನೆಯಲ್ಲಿ ಯಾರೂ ಏಳಲಿಲ್ಲ. ಮೂಗಿಗೆ ಬೆರಳು ಹಿಡಿಯುವ ಅಗತ್ಯವೂ ಇರಲಿಲ್ಲವಂತೆ. ನಮ್ಮಿಬ್ಬರ ಗೊರಕೆ ಓಣಿಗೆಲ್ಲ ಕೇಳುತ್ತಿತ್ತೆಂದು ಬೆಳಿಗ್ಗೆ ಶೈಲಾ ಹೇಳಿದಳು. ಹೇಳಿ, ನನಗೆ ಚಹಾ ಕೊಡದೆ ಹೋದಳು. ಅಂಗಡಿಯ ಹುಡುಗರು ಚಹಾ ತಾವೇ ಮಾಡಿಕೊಳ್ಳಬೇಕಂತೆ.