‘ಹಳೇ ಬೆಂಚು ಎರಡು ಮಾರು’ ಎಂದು ಬರೆದ ಬಗ್ಗೆ

ಶಾಲಾ ಸಾಮಗ್ರಿಗಳ ಇಲಾಖೆ
ಸಂಖ್ಯೆ: ಶಾಸಾಇ/ಅಳತೆ/ಮಾರು/ಹಿಡಿ/ಸೇರು
ದಿನಾಂಕ: ಸಹಿ ಬಿದ್ದ ದಿನ

ಸುತ್ತೋಲೆ

ವಿಷಯ: ಗಣಿತದ ಅಳತೆ ಪಾಠಕ್ಕೆ ತೋಳು, ಗೇಣು, ದಾರ, ಲೋಟ ಮುಂತಾದ ಸಾಮಗ್ರಿಗಳನ್ನು ಬಳಸುವ ಬಗ್ಗೆ ಹಾಗೂ ಅದರಿಂದಾಗಿ ಮಾರಿಹೋದ ಬೆಂಚುಗಳ ಬಗ್ಗೆ.

ಉಲ್ಲೇಖ: (ಅ) ಮೂರನೇ ತರಗತಿಯ ಕರಿಹಲಗೆ. (ಆ) ಮೂರನೇ ತರಗತಿಯ ಶಿಕ್ಷಕಿಯ ವಿವರಣೆ (ಬಾಯಿಮಾತಿನದು, ಬರೆದುಕೊಳ್ಳಲು ಪೆನ್ನು ಹುಡುಕುವಷ್ಟರಲ್ಲಿ ಮುಗಿದಿತ್ತು).

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ಸದರಿ ಶಿಕ್ಷಕಿಯು ಅಳತೆಯನ್ನು ಪುಸ್ತಕದಲ್ಲಿರುವ ಅಳತೆಪಟ್ಟಿಯ ಚಿತ್ರದಿಂದ ಕಲಿಸದೆ, ಬಟ್ಟೆಚೀಲದ ತುಂಬ ದಾರ, ಕಡ್ಡಿ, ಲೋಟ, ಬೆಣಚುಕಲ್ಲು ತಂದು ಮಕ್ಕಳ ಕೈಗೆ ಕೊಟ್ಟಿರುವುದು ಕಂಡುಬಂದಿದೆ. ಚಿತ್ರವನ್ನು ಮುಟ್ಟಿ ಮುಟ್ಟಿ ಪುಟ ಸವೆದರೂ ಉದ್ದವೆಂದರೇನೆಂದು ಒಂದು ಮಗುವಿಗೂ ಹೊಳೆದಿರಲಿಲ್ಲ, ಚೀಲ ಬಂದಮೇಲೆ ಕೊಠಡಿಯಲ್ಲಿ ಅಳೆಯದೆ ಬಿಟ್ಟ ವಸ್ತುವೇ ಇಲ್ಲ ಎಂಬುದು ಆಕೆಯ ಅಂಬೋಣ. ಮಕ್ಕಳು ತೋಳೆರಡನ್ನೂ ಚಾಚಿದರೆ ಒಂದು ಮಾರು ಎಂಬ ಲೆಕ್ಕದಲ್ಲಿ ಎಲ್ಲವನ್ನೂ ಅಳೆದು, ಹಲಗೆಯ ಮೇಲೆ “ಹಳೇ ಬೆಂಚು ಎರಡು ಮಾರು” ಎಂದು ಬರೆದರು. ಸಂಜೆ ಅತ್ತ ಬಂದ ಉಗ್ರಾಣದ ಗುಮಾಸ್ತರು ಅದನ್ನು ಓದಿ, ಅಪ್ಪಣೆಯನ್ನು ತಲೆಯ ಮೇಲೆ ಹೊತ್ತು, ಹಳೇ ಬೆಂಚು ಎರಡನ್ನು ಗುಜರಿಯವನಿಗೆ ಮಾರಿದರು. ಕೆಳಗಿನ ಸಾಲಿನಲ್ಲಿ “ಹೆಡ್‌ಮೇಷ್ಟ್ರು ಒಂದೂವರೆ ಮಾರು” ಎಂದಿತ್ತು. ಮಿಕ್ಕ ಅರ್ಧ ಹೆಡ್‌ಮೇಷ್ಟ್ರನ್ನು ಎಲ್ಲಿಂದ ತರುವುದೆಂದು ಅವರನ್ನೇ ವಿಚಾರಿಸಲು ಹೋದಾಗ ಪ್ರಕರಣವು ಬೆಳಕಿಗೆ ಬಂದಿದೆ.

ತತ್ಪರಿಣಾಮವಾಗಿ ಮಕ್ಕಳನ್ನು ನೆಲದ ಮೇಲೆ, ಚೀಲವನ್ನು ಕಚೇರಿಯ ಬೀರುವಿನಲ್ಲಿ ಇರಿಸಲಾಯಿತು. ಅಳತೆ ಪಾಠ ಇನ್ನು ಚಿತ್ರದಿಂದಲೇ ನಡೆಯತಕ್ಕದ್ದೆಂದೂ, ಮಕ್ಕಳು ಕೈಕಟ್ಟಿ ಕೂರತಕ್ಕದ್ದೆಂದೂ ಸೂಚಿಸಲಾಯಿತು. ಕಚೇರಿಗೆ ಕರೆಸಿದ ಶಿಕ್ಷಕಿಗೆ, ಏನು ಹೇಳಿದರೂ ಹೂಂ ಅಂದು ಬಾ ಎಂದು ಆಕೆಯ ಯಜಮಾನರು ಬುದ್ಧಿ ಹೇಳಿ ಕಳಿಸಿದ್ದರಂತೆ. ಆಕೆಯೂ ಹೂಂಗುಡುತ್ತಲೇ ಇದ್ದರು. ಕೈಕಟ್ಟುವ ಮಾತು ಬಂದಲ್ಲಿ ಮಾತ್ರ ಹೂಂ ಹೊರಡಲಿಲ್ಲ.

“ಮಕ್ಕಳು ತೋಳು ಚಾಚಿದ್ದಾರೆ ಸಾರ್, ಅಂಗಡಿ ತೆರೆದಿಲ್ಲ. ನನ್ನ ಚೀಲ ಕೊಡಿ” ಎಂದಿದ್ದಾರೆ.

“ನಾಳೆ ನೋಡೋಣ, ಹೋಗಮ್ಮ” ಎಂದು ಅಧಿಕಾರಿಗಳು ನಿಯಮಾನುಸಾರ ಉತ್ತರಿಸಿರುತ್ತಾರೆ.

ಆಮೇಲೆ ಇಲಾಖೆಯು ಅಳೆದೂ ಸುರಿದೂ ಕೆಳಕಂಡ ನಿಯಮಗಳನ್ನು ರೂಪಿಸಿದ್ದು, ಎಲ್ಲರೂ ಚಾಚೂ ತಪ್ಪದೆ ಪಾಲಿಸುವಂತೆ ಈ ಮೂಲಕ ತಿಳಿಯಪಡಿಸಲಾಗಿದೆ.

1. ಮಾರು, ಹಿಡಿ, ಸೇರು ಈ ಮೂರೂ ಪದಗಳು ಅಳತೆಯೂ ಹೌದು, ಅಪ್ಪಣೆಯೂ ಹೌದು. ಬರೆದಾಗಲೆಲ್ಲ ಪಕ್ಕದಲ್ಲಿ “ಇದು ಅಪ್ಪಣೆಯಲ್ಲ” ಎಂದು ನಮೂದಿಸತಕ್ಕದ್ದು. “ಮರಳು ಮೂರು ಹಿಡಿ” ಎಂಬುದನ್ನು ಓದಿದ ಜವಾನರು ಊಟದ ಬಿಡುವಿನವರೆಗೂ ಮರಳಿನ ಬಕೆಟ್ಟು ಹಿಡಿದು ನಿಂತಿದ್ದು, ಮೂರನೆಯದಕ್ಕೆ ಕೈ ಸಾಲದೆ ಅತ್ತಿರುವುದನ್ನು ವಿಷಾದದಿಂದ ಗಮನಿಸಲಾಗಿದೆ.

2. ತೋಳುಗಳು ಒಂದೊಂದು ಮಗುವಿಗೆ ಒಂದೊಂದು ಥರ ಇರುವುದು ಇಲಾಖೆಯ ಗಮನಕ್ಕೆ ಬಂದಿದೆ. ಆದ್ದರಿಂದ ಶಾಲೆಗೊಂದು ಪ್ರಮಾಣಿತ ಮಗುವನ್ನು ಗುರುತಿಸತಕ್ಕದ್ದು. ಸದರಿ ಮಗು ಪರೀಕ್ಷೆ ಮುಗಿಯುವವರೆಗೆ ಬೆಳೆಯತಕ್ಕದ್ದಲ್ಲ. ಅನಿವಾರ್ಯವಾಗಿ ಬೆಳೆಯಬೇಕಾದಲ್ಲಿ ಮುಂಚಿತವಾಗಿ ಅನುಮತಿ ಪಡೆಯತಕ್ಕದ್ದು.

3. ಪಕ್ಕದವನ ಗೇಣಿಗಿಂತ ತನ್ನದು ದೊಡ್ಡದಾಗಲೆಂದು ಬೆರಳು ಹಿಗ್ಗಿಸುವುದನ್ನು ಅಳತೆ ಎಂದು ಪರಿಗಣಿಸಲಾಗದು. ಅದು ಜಂಬ. ಜಂಬವನ್ನು ಅಳೆಯಲು ಪ್ರತ್ಯೇಕ ಸುತ್ತೋಲೆ ಇರುತ್ತದೆ.

4. ಎಳೆದರೆ ಉದ್ದವಾಗುವ ದಾರದಿಂದ ಸ್ಪಷ್ಟೀಕರಣ ಕೇಳತಕ್ಕದ್ದು.

5. ಲೋಟದಿಂದ ನೀರು ಅಳೆಯುವಾಗ ಕೆಲವು ಮಕ್ಕಳು ಅದನ್ನು ಕುಡಿದುಬಿಡುವುದರಿಂದ ಲೆಕ್ಕ ತಾಳೆಯಾಗುತ್ತಿಲ್ಲ. ಅಂಥ ನೀರನ್ನು “ಮಗುವಿನೊಳಗೆ ದಾಸ್ತಾನು” ಎಂದು ತೋರಿಸತಕ್ಕದ್ದು. ಅದು ಹೊರಬಂದಾಗ ಮತ್ತೆ ಅಳೆಯುವ ಅಗತ್ಯವಿರುವುದಿಲ್ಲ.

6. ಇಬ್ಬರು ಮಕ್ಕಳು ಎದುರುಬದುರು ನಿಂತು ತೋಳು ಚಾಚಿದಾಗ ಅಪ್ಪಿಕೊಂಡುಬಿಡುವುದು ವರದಿಯಾಗಿದೆ. ಅಪ್ಪುಗೆಯು ಎಷ್ಟು ಮಾರು ಎಂಬ ಬಗ್ಗೆ ಸಮಿತಿಯಲ್ಲಿ ಒಮ್ಮತ ಮೂಡದ ಕಾರಣ, ಸದ್ಯಕ್ಕೆ ಹಾಗೇ ಬಿಡತಕ್ಕದ್ದು.

7. ಗುಜರಿಯವನು ಬೆಂಚುಗಳನ್ನು ಅದಾಗಲೇ ಕೊಯ್ದು ಹಾಕಿದ್ದರಿಂದ ಹೊಸವನ್ನು ಮಾಡಿಸಲು ಬಡಗಿಯನ್ನು ಕರೆಸಲಾಯಿತು. ಉದ್ದ ಎಷ್ಟಿರಲೆಂದು ಬಡಗಿ ಕೇಳಲಾಗಿ, ಅಧಿಕಾರಿಗಳು ಎರಡು ಮಾರು ಎಂದು ಖುದ್ದು ಎದ್ದು ನಿಂತು ತೋಳು ಚಾಚಿ ತೋರಿಸಿದರು. “ಯಾರ ಮಾರು ಸ್ವಾಮಿ, ನಿಮ್ಮದೋ ಮಕ್ಕಳದೋ? ನಿಮ್ಮದಾದ್ರೆ ಬೆಂಚು ಬಾಗಿಲಾಚೆ ಹೋಗುತ್ತೆ. ಕೊನೇ ಮಗು ಬೀದೀಲಿ ಕೂತು ಪಾಠ ಕೇಳಬೇಕಾಗುತ್ತೆ” ಎಂದು ಬಡಗಿ ತಿಳಿಸಿದ್ದು, ಚಾಚಿದ ತೋಳುಗಳನ್ನು ಇಳಿಸುವ ಬಗ್ಗೆ ಆದೇಶವಿಲ್ಲದ್ದರಿಂದ ಅಧಿಕಾರಿಗಳು ಸ್ವಲ್ಪ ಹೊತ್ತು ಹಾಗೆಯೇ ನಿಂತಿದ್ದರು. ಪುಸ್ತಕದ ಚಿತ್ರವನ್ನು ಬಡಗಿಗೆ ಕೊಡಲಾಯಿತು. ಆತ ಅದನ್ನು ನೋಡಿ ಹಿಂತಿರುಗಿಸಿರುತ್ತಾನೆ.

8. ಆದ್ದರಿಂದ, ಅಳತೆ ಪಾಠಕ್ಕೆ ವಿಧಿಸಿದ್ದ ತಡೆಯನ್ನು ತೆರವುಗೊಳಿಸಿ, ಹೊಸ ಬೆಂಚಿನ ಅಳತೆಯನ್ನು ಮೂರನೇ ತರಗತಿಯೇ ತೆಗೆದುಕೊಡುವಂತೆಯೂ, ಚೀಲವನ್ನು ಹಿಂತಿರುಗಿಸುವಂತೆಯೂ ಆದೇಶಿಸಲಾಗಿದೆ. ಆದೇಶವನ್ನು ಓದಿ ಹೇಳುತ್ತಿರುವಾಗಲೇ ಶಿಕ್ಷಕಿಯು ಬೀರು ತೆರೆದು, ಚೀಲದಲ್ಲಿ ದಾರದುಂಡೆ ಇದೆಯೇ ಎಂದು ಕೈಯಾಡಿಸಿ ನೋಡಿ, ಹೊರಟುಹೋದರು. ಇದನ್ನು ಅನುಮತಿ ಪಡೆದು ಹೋದಂತೆಯೇ ಭಾವಿಸಲಾಗಿದೆ.

(ಸಹಿ ಇದೆ. ಉದ್ದ: ಅರ್ಧ ಗೇಣು)
ಅಳತೆ ಮೀರಿದ ಪ್ರಕರಣಗಳ ಅಧಿಕಾರಿ

ಪ್ರತಿಗಳು:
- ಹೆಡ್‌ಮೇಷ್ಟ್ರಿಗೆ, ತಾವು ಮಾರಾಟಕ್ಕಿಲ್ಲವೆಂಬುದನ್ನು ದೃಢೀಕರಿಸಿ.
- ಉಗ್ರಾಣದ ಗುಮಾಸ್ತರಿಗೆ, ಓದಿದ ಮೇಲೆ ಏನನ್ನೂ ಮಾಡಕೂಡದೆಂಬ ಷರತ್ತಿನೊಂದಿಗೆ.
- ಪ್ರಮಾಣಿತ ಮಗುವಿನ ಅಜ್ಜಿಗೆ, ತುತ್ತು ಕೊಡುವಾಗ ನಿಯಮ 2ನ್ನು ನೆನಪಿನಲ್ಲಿಡಲು ಕೋರಿ.
- ಮೂರನೇ ತರಗತಿಯ ಮಕ್ಕಳಿಗೆ, ಬೆಳಿಗ್ಗೆ ಬಡಗಿಯ ಅಂಗಡಿಗೆ ಹೋಗುವಾಗ ತಂತಮ್ಮ ತೋಳುಗಳನ್ನು ಮರೆಯದೆ ತರತಕ್ಕದ್ದೆಂದು ಸೂಚಿಸಿ.